ಎತಿರಾಜಿಸು

ಶಿವಾಜಿನಗರ, ಬೆಂಗಳೂರು
೧೨ ಜೂನ್ ೨೦೨೪

ಗಂಗಾ,

ಮೊಬೈಲ್ ಇರುವಾಗ ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸಬಹುದು. ಬಸು ತೀರಿಕೊಂಡ ವಾರ ನೀನು ನಮ್ಮ ಹಲಸೂರು ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿದ್ದೆಯಲ್ಲ, ‘ನನ್ನ ತಮ್ಮನನ್ನು ಕೊಂದದ್ದು ಬಿಲ್ಡರ್ ಎತಿರಾಜ್’ ಅಂತ, ಅದನ್ನು ಯಾರೋ ಫೋಟೋ ತೆಗೆದು ಅವನ ವಕೀಲನಿಗೆ ಮುಟ್ಟಿಸಿದ್ದಾರೆ. ಮಾನನಷ್ಟದ ಕೇಸು ಹಾಕುತ್ತಾರಂತೆ. ಜೊತೆಯಲ್ಲಿ ಓದಿದವರಲ್ಲೇ ಯಾರೋ ಮಾಡಿದ ಕೆಲಸ. ಆದ್ದರಿಂದ ಇನ್ನು ಈ ಒಂದು ವಿಷಯ ಕಾಗದದಲ್ಲಿ ಮಾತ್ರ. ಓದಿ ಒಲೆಗೆ ಹಾಕು.

ನೀನು ಅಪ್ಪ ಅವ್ವನನ್ನು ಕರೆದುಕೊಂಡು ಸುರಪುರಕ್ಕೆ ಹೊರಟ ಮೇಲೆ ನಾನು ಠಾಣೆಗೆ ಹೋಗಿದ್ದೆ. ಅಲ್ಲಿದ್ದವನು ತಲೆ ಎತ್ತದೆ ಹೇಳಿದ, “ಕೇಸ್ ಕ್ಲೋಸ್ ಆಯ್ತಮ್ಮ. ಹುಡುಗ ಕುಡಿದು ಗುಂಡಿಗೆ ಇಳಿದಿದ್ದ.” ಬಸು ಮೂಗು ಸೋರಿಸಿಕೊಂಡು ನಮ್ಮ ಬೆಂಚಿನ ಹತ್ತಿರ ಓಡಿಬರುತ್ತಿದ್ದ ಕಾಲದಿಂದ ನಾನು ಅವನನ್ನು ನೋಡಿದವಳು, ಅವನು ಬೀಡಿ ಕೂಡ ಮುಟ್ಟಿದವನಲ್ಲ ಅಂದೆ. “ಹೇಳಿಕೆ ಇದೆ” ಅಂದ. ಯಾರ ಹೇಳಿಕೆ ಅಂದರೆ ಹೇಳಲಿಲ್ಲ.

ವಾಪಸು ಬರುವಾಗ ಕಾಕ್ಸ್ ಟೌನಿನ ಆ ಜಾಗದ ಮುಂದೆ ಹಾದು ಬಂದೆ. ಹಸಿರು ಬಟ್ಟೆ ಕಟ್ಟಿದ್ದಾರೆ. ಬಸು ಕಂಬಿ ಕಟ್ಟುತ್ತಿದ್ದ ಪಾಯದ ಗುಂಡಿ ಈಗ ಇಲ್ಲ. ಪಕ್ಕದ ಮನೆಯ ಗೋಡೆ ಕಡೆಯಿಂದ ಕುಸಿದು ಅವನನ್ನು ಮುಚ್ಚಿದ ಮಣ್ಣನ್ನು ತೆಗೆದು, ಕಾಂಕ್ರೀಟ್ ತುಂಬಿ, ಮೇಲೆ ಕಂಬಗಳನ್ನು ಎಬ್ಬಿಸಿದ್ದಾರೆ.

ಇನ್ನೊಂದು ಮಾತು. ನಿನ್ನೆ ಬ್ಯಾಂಕ್ ಪರೀಕ್ಷೆಯ ಬ್ಯಾಚಿಗೆ ಇಂಗ್ಲಿಷ್ ಪದಗಳನ್ನು ಹೇಳಿಕೊಡುತ್ತಿದ್ದೆ. ‘ಬರ್ಕ್’ ಅಂತ ಒಂದು ಕ್ರಿಯಾಪದ ಬಂತು. ನಾನೂ ಕೇಳಿರಲಿಲ್ಲ. ನಾಳೆ ಹೇಳುತ್ತೇನೆ ಅಂದು ಮನೆಗೆ ಬಂದು ಹುಡುಕಿದೆ. ಅದು ಒಬ್ಬ ಮನುಷ್ಯನ ಹೆಸರಂತೆ. ಸುಮಾರು ಇನ್ನೂರು ವರ್ಷದ ಹಿಂದೆ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿದ್ದ. ಅವನೂ ಹೇರ್ ಅನ್ನುವ ಅವನ ಜೊತೆಗಾರನೂ ಸೇರಿ ಬಡವರನ್ನು, ಹಿಂದೆ ಮುಂದೆ ಕೇಳುವವರಿಲ್ಲದವರನ್ನು ಕರೆದು, ಕುಡಿಸಿ, ಮೂಗು ಬಾಯಿ ಅದುಮಿ ಕೊಲ್ಲುತ್ತಿದ್ದರು. ಮೈಮೇಲೆ ಗಾಯ ಇರಬಾರದು, ಯಾಕೆಂದರೆ ಹೆಣವನ್ನು ದೇಹ ಕೊಯ್ದು ಪಾಠ ಹೇಳುವ ಡಾಕ್ಟರನಿಗೆ ಮಾರುತ್ತಿದ್ದರು. ಹದಿನಾರು ಜನರನ್ನು ಹೀಗೆ ಮುಗಿಸಿದರು. ಸಿಕ್ಕಿಬಿದ್ದಾಗ ಹೇರ್ ಸರ್ಕಾರದ ಸಾಕ್ಷಿಯಾಗಿ ತಪ್ಪಿಸಿಕೊಂಡ. ಡಾಕ್ಟರನ ಮೇಲೆ ಕೇಸೇ ಆಗಲಿಲ್ಲ. ಬರ್ಕ್ ಒಬ್ಬನಿಗೆ ಗಲ್ಲು. ಅವತ್ತು ನೆರೆದ ಜನ ಅವನ ಹೆಸರನ್ನೇ ಕ್ರಿಯಾಪದ ಮಾಡಿ, ‘ಹೇರ್‌ನನ್ನೂ ಬರ್ಕ್ ಮಾಡಿ’ ಅಂತ ಕೂಗಿದರಂತೆ. ಉಸಿರುಗಟ್ಟಿಸಿ ಕೊಲ್ಲುವುದು ಅನ್ನುವ ಅರ್ಥ ಬರಬರುತ್ತಾ ಬದಲಾಗಿ, ಒಂದು ವಿಷಯ ಹೊರಗೆ ಬಾರದ ಹಾಗೆ, ವಿಚಾರಣೆಯೇ ನಡೆಯದ ಹಾಗೆ ಸದ್ದಿಲ್ಲದೆ ಅದುಮಿಬಿಡುವುದು ಅಂತಾಯಿತು.

ನಮ್ಮ ಬಸುಗೆ ಎರಡೂ ಅರ್ಥದಲ್ಲಿ ಅದೇ ಆಯಿತು ಗಂಗಾ. ಬೆಳಿಗ್ಗೆ ಕ್ಲಾಸಿನಲ್ಲಿ ಇದನ್ನು ಹೇಳಲು ನನ್ನಿಂದ ಆಗಲಿಲ್ಲ.

ಅವ್ವ ಊಟ ಮಾಡುತ್ತಾರಾ? ಅಪ್ಪ ಹೇಗಿದ್ದಾರೆ?

ನಿನ್ನ
ಆತಿಕಾ


ಸುರಪುರ
೩೦ ಜೂನ್ ೨೦೨೪

ಆತಿಕಾ,

ನಿನ್ನ ಕಾಗದ ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ, ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಮತ್ತೊಂದು ಸಲ. ಇಲ್ಲಿ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠಕ್ಕೆ ಸೇರಿದ್ದೇನೆ. ತಿಪ್ಪಸಂದ್ರದ ಸ್ಕೂಲಿನಲ್ಲಿ ಹೇಳುತ್ತಿದ್ದ ಅದೇ ವ್ಯಾಕರಣ. ಮಕ್ಕಳು ನನ್ನ ಮಾತು ಬೆಂಗಳೂರಿನದು ಅಂತ ನಗುತ್ತಾರೆ. ಅಲ್ಲಿ ನನ್ನ ಮಾತು ಯಾದಗಿರಿಯದು ಅಂತ ನಗುತ್ತಿದ್ದರು.

ಅವ್ವ ಉಣ್ಣುತ್ತಾಳೆ. ಎರಡು ತಟ್ಟೆ ಹಾಕಿಕೊಂಡು ಒಂದರಲ್ಲಿ ಉಣ್ಣುತ್ತಾಳೆ. ಅಪ್ಪ ಚೆನ್ನಾಗಿದ್ದಾನೆ.

ಎಡಿನ್‌ಬರೋ ಜನ ಬುದ್ಧಿವಂತರು. ಕೋರ್ಟು ಒಬ್ಬನನ್ನು ಒಂದು ಸಲ ಕೊಂದಿತು. ಜನ ಇವತ್ತಿನವರೆಗೂ ಅವನನ್ನು ಹೊಲಸಿನಲ್ಲಿ ಅದ್ದಿ ತೆಗೆಯುತ್ತಿದ್ದಾರೆ. ನನಗೆ ಅದೇ ಬೇಕು. ನನಗೆ ಕೋರ್ಟಿಲ್ಲ, ಠಾಣೆ ಇಲ್ಲ, ವಕೀಲನಿಗೆ ಕೊಡಲು ಏನೂ ಇಲ್ಲ. ಆದರೆ ನನ್ನ ಭಾಷೆಯಲ್ಲಿ ಕ್ರಿಯಾಪದ ಮಾಡುವುದು ಹೇಗೆ ಅಂತ ನನಗೆ ಗೊತ್ತಿದೆ. ನಾಮಪದಕ್ಕೆ ಒಂದು ‘ಇಸು’ ಹಚ್ಚಿದರೆ ಮುಗಿಯಿತು. ಚಿಂತೆ, ಚಿಂತಿಸು. ಪ್ರೀತಿ, ಪ್ರೀತಿಸು. ಎತಿರಾಜ್, ಎತಿರಾಜಿಸು. ‘ವಿರಾಜಿಸು’ ಇದ್ದ ಹಾಗೆ ಕೇಳುತ್ತದೆ, ಕಿವಿಗೆ ಚೆಂದ.

ಅರ್ಥ ಬರೆದುಕೋ. ತನ್ನ ತಪ್ಪಿನಿಂದ ಸತ್ತ ಇನ್ನೊಬ್ಬನ ಮೇಲೆ ಮಣ್ಣು ಮುಚ್ಚಿ, ಆ ತಪ್ಪನ್ನೂ ಅವನ ಮೇಲೆಯೇ ಹೊರಿಸುವುದು. ಬೀದಿಯವರಿಗೆ ‘ಇಸು’ ಕಷ್ಟವಾದರೆ ‘ಎತಿರಾಜ್ ಮಾಡು’ ಸಾಕು. ನಿನ್ನ ಕ್ಲಾಸಿಗೆ ಊರಿನ ಎಲ್ಲಾ ಮೂಲೆಯಿಂದ ಹುಡುಗರು ಬರುತ್ತಾರೆ. ಬರ್ಕ್ ಹೇಳಿಕೊಡುವಾಗ ಇದನ್ನು ಉದಾಹರಣೆಯಾಗಿ ಕೊಡು. ಬಸು ಹೆಸರು ಎತ್ತಬೇಡ, ಜಾಗದ ಹೆಸರೂ ಬೇಡ. ಹೆಸರಿನಿಂದ ಪದ ಹೇಗೆ ಹುಟ್ಟುತ್ತದೆ ಅಂತಷ್ಟೇ ಹೇಳು. ಕೇಸು ಹಾಕುವವರು ವ್ಯಾಕರಣದ ಮೇಲೆ ಹಾಕಲಿ.

ನೀನು ಮಾಡುತ್ತೀಯಾ, ಇಲ್ಲವಾ? ಇಷ್ಟು ಬರೆ ಸಾಕು.

ಗಂಗಾ


ಶಿವಾಜಿನಗರ
೧೯ ಆಗಸ್ಟ್ ೨೦೨೪

ಗಂಗಾ,

ಮಾಡಿದೆ. ಮಾಡಿ ಒಂದು ತಿಂಗಳಾದ ಮೇಲೆ ಬರೆಯೋಣ ಅಂತ ಕಾದೆ.

ಮೊದಲ ದಿನ ಹುಡುಗರು ನಕ್ಕರು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ರಿಮ್ಶಾ ಅಂತ ಒಬ್ಬಳಿದ್ದಾಳೆ, ಅವಳಿಗೆ ಬಹಳ ಹಿಡಿಸಿತು. “ಮಿಸ್, ನಮ್ ಓನರ್ ದಿನಾ ಇದೇ ಮಾಡ್ತಾರೆ. ಅವ್ರು ಹರಿದ ಸೀರೆಗೆ ನಮ್ ಹೆಸ್ರು ಹೇಳ್ತಾರೆ” ಅಂದಳು. ಮರುವಾರ ಅವಳ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ಆಮೇಲೆ ಕ್ಲಾಸಿನ ಕೆಳಗಿನ ಖಾದರ್ ಚಾಚಾನ ಟೀ ಅಂಗಡಿಗೆ ಇಳಿಯಿತು. ಅಲ್ಲಿ ಆಟೋದವರು, ಮಟನ್ ಅಂಗಡಿಯವರು, ನಮ್ಮವರು, ತಮಿಳರು, ನಿಮ್ಮ ಕಡೆಯ ಹುಡುಗರು ಎಲ್ಲ ಬಂದು ನಿಲ್ಲುತ್ತಾರೆ. ಮೊನ್ನೆ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ, “ಗಾಡಿ ಗುದ್ದಿದ್ದು ಅವ್ನು, ಎತಿರಾಜ್ ಮಾಡ್ಬಿಟ್ಟು ನನ್ಮೇಲೆ ಹಾಕ್ದ ಗುರು.” ನಾನು ಟೀ ಹಿಡಿದುಕೊಂಡು ಆಚೆ ತಿರುಗಿ ನಿಂತೆ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ.

ನಮ್ಮ ಮನೆಯಲ್ಲೂ ರಾತ್ರಿ ಊಟಕ್ಕೆ ಕೂತಾಗ, ಬೆಕ್ಕು ಹಾಲು ಕುಡಿದು ಹೋದದ್ದಕ್ಕೆ ಅಬ್ಬಾ ನನ್ನ ತಮ್ಮನನ್ನು ಬೈದರೆ, ಅವನು ‘ಬಿಲ್ಲಿ ಎತಿರಾಜ್ ಕರ್ ಡಾಲಿ’, ಬೆಕ್ಕು ನನ್ನನ್ನು ಎತಿರಾಜ್ ಮಾಡಿತು, ಅಂದ. ಅಬ್ಬಾ ನಕ್ಕರು. ಈ ಪದ ಎಲ್ಲಿಂದ ಬಂತು ಅಂತ ಇಬ್ಬರಿಗೂ ಗೊತ್ತಿಲ್ಲ.

ನಿನಗೆ ಸಿಹಿಯಾಗುವ ಸುದ್ದಿ ಕೊನೆಗೆ ಇಟ್ಟಿದ್ದೇನೆ. ಕೆ.ಆರ್. ಪುರದಲ್ಲಿ ಬೆಳಿಗ್ಗೆ ಕೂಲಿಯವರು ಬಂದು ನಿಲ್ಲುವ ಜಾಗದಲ್ಲಿ ಎತಿರಾಜನ ಸೂಪರ್‌ವೈಸರ್ ಟೆಂಪೋ ತಂದು ನಿಲ್ಲಿಸಿದರೆ ಯಾರೂ ಹತ್ತಲಿಲ್ಲವಂತೆ. ಒಬ್ಬ ಹೆಂಗಸು, “ನಾವ್ ಬರಲ್ಲಣ್ಣ, ನಮ್ಮನ್ನೂ ಎತಿರಾಜ್ ಮಾಡ್ತೀರಿ” ಅಂದಳಂತೆ. ಕಾಕ್ಸ್ ಟೌನಿನ ಕಟ್ಟಡ ಎರಡನೇ ಅಂತಸ್ತಿಗೆ ನಿಂತಿದೆ.

ಆತಿಕಾ


ಸುರಪುರ
೫ ಸೆಪ್ಟೆಂಬರ್ ೨೦೨೪

ಆತಿಕಾ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಟೆಂಪೋ ಖಾಲಿ ಹೋಯಿತು ಅನ್ನುವ ಜಾಗ ಬಂದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಖಾಲಿ ಹೋತೇನು?” ಅಂದಳು. ಹೌದು ಅಂದೆ. ಮತ್ತೆ ಬಡಿಯತೊಡಗಿದಳು. ಬಹಳ ದಿನದ ಮೇಲೆ ರೊಟ್ಟಿ ದುಂಡಗೆ ಬಂತು.

ಇಷ್ಟಕ್ಕೆ ಬಿಡಬೇಡ. ಕೂಲಿಯವರು, ಆಟೋದವರು ಆಡಿಕೊಂಡರೆ ಅವನಿಗೇನು ನಷ್ಟ? ಬೇರೆ ಕಡೆಯಿಂದ ಜನ ತರಿಸುತ್ತಾನೆ. ಅವನ ಮನೆಯೊಳಗೆ ಹೋಗಬೇಕು ಆ ಪದ. ಅವನು ಊಟಕ್ಕೆ ಕೂತಲ್ಲಿ ಕೇಳಿಸಬೇಕು. ಅವನಿಗೆ ಒಬ್ಬ ಮಗಳಿದ್ದಾಳೆ, ಕಾಲೇಜಿಗೆ ಹೋಗುತ್ತಾಳೆ. ಬಸು ಒಂದು ಸಲ ಹೇಳಿದ್ದ, ‘ಓನರ್ ಮಗಳು ಕಾರಲ್ಲಿ ಕೂತು ನಮಗೆಲ್ಲ ನೀರಿನ ಬಾಟಲಿ ಕೊಟ್ಟಳು’ ಅಂತ. ಆ ಹುಡುಗಿಯ ಕಿವಿಗೆ ಬೀಳಬೇಕು. ತಂದೆಯ ಹೆಸರು ಹೇಳಲು ಅವಳಿಗೆ ನಾಲಿಗೆ ಏಳಬಾರದು. ಆಗ ಅವನಿಗೆ ಗೊತ್ತಾಗುತ್ತದೆ.

ನಾನು ಕೆಟ್ಟವಳಾದೆ ಅಂತ ನಿನಗೆ ಅನ್ನಿಸಿದರೆ ಅನ್ನಿಸಲಿ.

ಗಂಗಾ


ಶಿವಾಜಿನಗರ
೨೧ ಅಕ್ಟೋಬರ್ ೨೦೨೪

ಗಂಗಾ,

ಎತಿರಾಜ್ ನನ್ನ ಕ್ಲಾಸಿಗೆ ಬಂದಿದ್ದ.

ಶನಿವಾರ, ಬ್ಯಾಚು ಮುಗಿದು ಬೋರ್ಡು ಒರೆಸುತ್ತಿದ್ದೆ. ಬಿಳಿ ಶರ್ಟು, ಹಣೆಗೆ ವಿಭೂತಿ, ಕೈಯಲ್ಲಿ ಹೆಲ್ಮೆಟ್. ಕಾರಿಲ್ಲದೆ ಸ್ಕೂಟರಿನಲ್ಲಿ ಬಂದಿದ್ದ. ಹುಡುಗರ ಬೆಂಚಿನ ಮೇಲೆ ಕೂತುಕೊಂಡ.

“ಮೇಡಂ, ಒಂದು ಪದದ ಅರ್ಥ ಬೇಕಿತ್ತು.”

“ಯಾವ ಪದ ಸಾರ್?”

“ನನ್ ಹೆಸ್ರು.”

ಯಾರೋ ಹೇಳಿದರಂತೆ ಇದು ಇಲ್ಲಿಂದ ಹೊರಟಿದ್ದು ಅಂತ. ಡಸ್ಟರನ್ನು ಮೇಜಿನ ಮೇಲೆ ಇಟ್ಟೆ. ನೀನು ಬರೆದುಕೊಟ್ಟ ಅರ್ಥವನ್ನೇ ಅಕ್ಷರ ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ.

“ನಮ್ಮಪ್ಪ ಕಲ್ಲು ಹೊತ್ತು ಹಲಸೂರಲ್ಲಿ ಮನೆ ಮಾಡ್ದೋರು ಮೇಡಂ. ನಾನೂ ಹೊತ್ತಿದೀನಿ. ಲೇಬರ್ ಕಷ್ಟ ನಂಗೆ ಗೊತ್ತಿಲ್ವಾ?”

“ಗೊತ್ತಿದ್ದೂ ಇಳಿಸಿದ್ರಲ್ಲ.”

“ನಾನು ಇಳಿಸ್ಲಿಲ್ಲ. ಆ ಹುಡುಗ ಕುಡ್ಕೊಂಡು ತಾನೇ ಇಳ್ದ. ಅದನ್ನ ಪೊಲೀಸ್‌ಗೆ ಹೇಳಿದ್ದು ನಾನಲ್ಲ, ಸೂಪರ್‌ವೈಸರೂ ಅಲ್ಲ. ಅವರಪ್ಪ ರಾಮಣ್ಣ. ನಿಮ್ ಫ್ರೆಂಡ್‌ನ ಕೇಳಿ ನೋಡಿ.”

ಬಾಗಿಲ ಹತ್ತಿರ ಹೋಗಿ ನಿಂತು, “ಇದನ್ನ ನಿಲ್ಸೋಕೆ ಏನ್ ಮಾಡ್ಬೇಕು?” ಅಂತ ಕೇಳಿದ. ನನ್ನಿಂದಲೂ ಇನ್ನು ನಿಲ್ಲಿಸಲು ಆಗುವುದಿಲ್ಲ ಅಂದೆ. ಅದು ನಿಜ. ಮೆಟ್ಟಿಲಿಳಿದು ಹೋದ.

ಗಂಗಾ, ಠಾಣೆಯಲ್ಲಿ ‘ಹೇಳಿಕೆ ಇದೆ’ ಅಂದಿದ್ದರಲ್ಲ, ಅದು ನಿಮ್ಮಪ್ಪನದಾ? ನಿನಗೆ ಗೊತ್ತಿತ್ತಾ? ನನಗೆ ಯಾಕೆ ಹೇಳಲಿಲ್ಲ? 

ಸ್ವಲ್ಪ ದಿನ ಕ್ಲಾಸಿನಲ್ಲಿ ಈ ಪದ ಹೇಳಿಕೊಡುವುದನ್ನು ನಿಲ್ಲಿಸೋಣ ಅನ್ನಿಸುತ್ತಿದೆ. ಕಾರಣ ಆಮೇಲೆ ಬರೆಯುತ್ತೇನೆ.

ಆತಿಕಾ


ಸುರಪುರ
೩ ನವೆಂಬರ್ ೨೦೨೪

ಆತಿಕಾಗೆ,

ಅವನು ಒಂದು ಸಲ ಬಂದು ಬೆಂಚಿನ ಮೇಲೆ ಕೂತದ್ದಕ್ಕೆ ನಿನಗೆ ನಿಲ್ಲಿಸೋಣ ಅನ್ನಿಸಿತು. ಹೆದರಿಸಿದನೋ, ಇನ್ನೇನಾದರೂ ಮಾತಾಡಿಕೊಂಡು ಹೋದನೋ ನನಗೆ ಗೊತ್ತಿಲ್ಲ.

ಅಪ್ಪನ ವಿಷಯ ಕೇಳಿದ್ದೀಯ. ಹೇಳುತ್ತೇನೆ. ಶವಾಗಾರದ ಮುಂದೆ ಅಪ್ಪ ಒಬ್ಬನೇ ಇದ್ದ. ನಾನು ಅವ್ವನನ್ನು ಹಿಡಿದುಕೊಂಡು ಮನೆಯಲ್ಲಿದ್ದೆ. ಆ ಸೂಪರ್‌ವೈಸರ್ ಒಬ್ಬ ಪೊಲೀಸಿನವನ ಜೊತೆ ಬಂದು, “ಹುಡುಗ ಕುಡ್ದಿದ್ದ ಅಂತ ಒಪ್ಕೊ, ಈಗ್ಲೇ ಹೆಣ ಕೊಡ್ತಾರೆ. ಇಲ್ಲಾಂದ್ರೆ ಇಲ್ಲೇ ಕೊಳಿಯುತ್ತೆ” ಅಂದನಂತೆ. ಅಪ್ಪ ‘ಹೂಂ’ ಅಂದ. ಅಷ್ಟೇ ಅಂದದ್ದು. ಮಗನನ್ನು ಮನೆಗೆ ತರಬೇಕಾಗಿತ್ತು ಅವನಿಗೆ. ತಂದ, ಮಣ್ಣು ಮಾಡಿದ. ಅವತ್ತಿನಿಂದ ಅವನ ಬಾಯಿಂದ ಒಂದು ಪೂರ್ತಿ ಮಾತು ಬಂದಿಲ್ಲ. ಬಾ ಅಂದರೆ ಬರುತ್ತಾನೆ, ಉಣ್ಣು ಅಂದರೆ ಉಣ್ಣುತ್ತಾನೆ. ‘ಅಪ್ಪ ಚೆನ್ನಾಗಿದ್ದಾನೆ’ ಅಂತ ಬರೆದೆನಲ್ಲ, ಚೆನ್ನಾಗಿರುವುದು ಅಂದರೆ ಅದು. ಅವನನ್ನು ಯಾರೂ, ನೀನು ಕೂಡ, ಆ ‘ಹೂಂ’ ಜೊತೆ ಇಟ್ಟು ನೋಡಬಾರದು ಅಂತ ಹೇಳಲಿಲ್ಲ.

ಈಗ ನಾನೊಂದು ಕೇಳುತ್ತೇನೆ. ಮೊನ್ನೆ ಕ್ಲಾಸಿನಲ್ಲಿ ಧಾತು ಪಾಠ ಮಾಡುವಾಗ ಹೊಳೆಯಿತು. ಬರ್ಕ್ ಕೊಂದ ಹದಿನಾರು ಜನರಲ್ಲಿ ಯಾರ ಹೆಸರಾದರೂ ಪದವಾಯಿತಾ? ಇಲ್ಲ. ಕೊಂದವನು ನಿಘಂಟಿನಲ್ಲಿ ಕೂತ. ನಾನೂ ನೀನೂ ಸೇರಿ ಮಾಡಿದ್ದು ಅದೇ. ನಿಮ್ಮ ಮನೆಯಲ್ಲಿ ಬೆಕ್ಕಿನ ವಿಷಯಕ್ಕೂ ಅವನ ಹೆಸರು ಬಂತು. ಬಸು ಎಲ್ಲಿದ್ದಾನೆ? ಐಡಿಯಾ ನನ್ನದೇ, ನಿನ್ನನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಸಿಟ್ಟು ನಿನ್ನ ಮೇಲೆಯೇ ಬರುತ್ತಿದೆ, ಯಾಕೆಂದರೆ ಅವನು ನಿನ್ನ ಮುಂದೆ ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದ, ನೀನು ಅವನನ್ನು ಸಾರ್ ಅಂದೆ.

ಇನ್ನು ಬರೆಯಬೇಡ.

ಗಂಗಾ


ಶಿವಾಜಿನಗರ
೧೮ ಜನವರಿ ೨೦೨೫

ಗಂಗಾ,

ಬರೆಯಬೇಡ ಅಂದೆ. ಎರಡು ತಿಂಗಳು ಬರೆಯಲಿಲ್ಲ. ಈಗ ಬರೆಯದಿದ್ದರೆ ಆಗದು. ಈ ಕಾಗದ ಮುಟ್ಟುವ ಹೊತ್ತಿಗೆ ಒಬ್ಬಳು ನಿಮ್ಮ ಮನೆ ಬಾಗಿಲಿಗೆ ಬಂದಿರಬಹುದು, ಅಥವಾ ಬರುವವಳಿರಬಹುದು.

ಎತಿರಾಜ್ ಬಂದಾಗ ‘ಯಾರೋ ಹೇಳಿದರಂತೆ’ ಅಂತ ಬರೆದಿದ್ದೆ. ಆ ಯಾರೋ ಅಂದರೆ ಅವನ ಮಗಳು. ಹೆಸರು ತೇನ್ಮೊಳಿ. ಬ್ಯಾಂಕ್ ಪರೀಕ್ಷೆ ಬ್ಯಾಚಿನಲ್ಲಿ ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಅವರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇನಿಷಿಯಲ್ ಆಗಿ ಬರೆಯುತ್ತಾರೆ, ಹಾಗಾಗಿ ನನಗೆ ತಿಳಿಯಲೇ ಇಲ್ಲ. ಹಲಸೂರಿನಲ್ಲಿ ಎತಿರಾಜರು ಬೇಕಾದಷ್ಟು ಜನ, ಅವಳಿಗೂ ತಿಳಿಯಲಿಲ್ಲ. ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ ನಗುನಗುತ್ತಾ, “ಅಪ್ಪಾ, ನಿಮ್ ಹೆಸ್ರಿನೋರು ಯಾರೋ ಏನೋ ಮಾಡವ್ರೆ, ಊರಲ್ಲೆಲ್ಲ ಬೈಗುಳ ಆಗ್ಬಿಟ್ಟಿದೆ” ಅಂತ ಹೇಳಿ, ಅದರ ಅರ್ಥವನ್ನೂ ಹೇಳಿದಳಂತೆ. ಎತಿರಾಜ್ ತಟ್ಟೆ ಬಿಟ್ಟು ಎದ್ದನಂತೆ. ಇದನ್ನು ನನಗೆ ಹೇಳಿದ್ದು ಅವನೇ, ಅವತ್ತು ಆ ಬೆಂಚಿನ ಮೇಲೆ ಕೂತು. ನೀನು ಕೇಳಿದ್ದು ಅಕ್ಷರಶಃ ಆಗಿತ್ತು. ಊಟಕ್ಕೆ ಕೂತಲ್ಲಿ, ಮಗಳ ಬಾಯಿಂದ. ನಾನು ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ‘ಅವಳನ್ನು ಹಿಡಿದುಕೋ’ ಅನ್ನುತ್ತಿದ್ದೆ, ನಾನು ಇಲ್ಲ ಅನ್ನಲಾರದೆ ಹೋಗುತ್ತಿದ್ದೆ. ಅವಳು ನನ್ನ ವಿದ್ಯಾರ್ಥಿನಿ ಗಂಗಾ.

ಡಿಸೆಂಬರಿನಲ್ಲಿ ಕ್ಲಾಸಿನ ಒಬ್ಬ ಹುಡುಗನಿಗೆ ಯಾವ ಎತಿರಾಜ್ ಅಂತ ಗೊತ್ತಾಯಿತು. ಎಲ್ಲರ ಮುಂದೆ ಅವಳನ್ನು, “ನಿಮ್ಮಪ್ಪ ಎಷ್ಟು ಜನಾನ ಎತಿರಾಜ್ ಮಾಡವ್ರೆ?” ಅಂದ. ಅವಳು ಪುಸ್ತಕ ಎತ್ತಿಕೊಂಡು ಹೋದಳು, ಮತ್ತೆ ಬರಲಿಲ್ಲ. ಹೋದ ವಾರ ನಮ್ಮ ಮನೆಗೆ ಬಂದಳು. ಇಳಿದುಹೋಗಿದ್ದಾಳೆ. ಪೂರ್ತಿ ಕಥೆ ಹೇಳಿ ಅಂದಳು. ಹೇಳಿದೆ, ಏನೂ ಮುಚ್ಚಿಡಲಿಲ್ಲ.

ಕೇಳಿದ ಮೇಲೆ, “ಮಿಸ್, ಅವತ್ತು ಬೆಳಿಗ್ಗೆ ನಾನು ಕಾರಲ್ಲಿದ್ದೆ” ಅಂದಳು.

ಬಸು ಸತ್ತ ದಿನ ಅವಳನ್ನು ಕಾಲೇಜಿಗೆ ಬಿಡಲು ಹೋಗುತ್ತಾ ಎತಿರಾಜ್ ಕಾಕ್ಸ್ ಟೌನಿನಲ್ಲಿ ನಿಲ್ಲಿಸಿದನಂತೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಸೂಪರ್‌ವೈಸರ್ ಕಿಟಕಿ ಹತ್ತಿರ ಬಂದು, ಗೋಡೆ ಕಡೆ ಮಣ್ಣು ಬಿರಿದಿದೆ, ಇವತ್ತು ಬೇಡ ಸಾರ್ ಅಂದನಂತೆ. “ಸಂಜೆ ಕಾಂಕ್ರೀಟ್ ಬರುತ್ತೆ, ಇಳಿಸು” ಅಂದನಂತೆ ಎತಿರಾಜ್. ಹುಡುಗ ಕುಡಿದು ತಾನೇ ಇಳಿದ ಅಂತ ಆಮೇಲೆ ಅಪ್ಪ ಹೇಳಿದ್ದನ್ನು ಅವಳು ನಂಬಿದ್ದಳು. ಕೇಳಿಸಿಕೊಂಡ ಮಾತು ಅವಳೊಳಗೇ ಇತ್ತು, ಅವತ್ತಿನವರೆಗೂ ಅದನ್ನು ಬಸು ಜೊತೆ ಕೂಡಿಸಿ ನೋಡಿರಲಿಲ್ಲ.

ನಿಮ್ಮ ವಿಳಾಸ ಕೇಳಿದಳು. ಕೊಟ್ಟೆ. ಬಂದರೆ ಹೊಡೆಯುತ್ತೀಯೋ ಕೂರಿಸುತ್ತೀಯೋ ನಿನಗೆ ಬಿಟ್ಟದ್ದು.

ಆತಿಕಾ


ಸುರಪುರ
೯ ಫೆಬ್ರವರಿ ೨೦೨೫

ಆತಿಕಾ,

ನಿನ್ನ ಕಾಗದಕ್ಕಿಂತ ಮೊದಲು ಅವಳೇ ಬಂದಳು.

ನಾನು ಸ್ಕೂಲಿನಿಂದ ಬರುವಾಗ ಒಳಗೆ ಕೂತಿದ್ದಳು. ಅವ್ವ ಯಾರೋ ನನ್ನ ಜೊತೆಯ ಟೀಚರ್ ಅಂದುಕೊಂಡು ತಟ್ಟೆಗೆ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟಿದ್ದಳು. ಹುಡುಗಿ ಮುಟ್ಟಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತು, “ನಾನು ಎತಿರಾಜ್ ಮಗಳು” ಅಂದಳು. ಅವ್ವನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಆಮೇಲೆ ಅದನ್ನು ಹುಡುಗಿಯ ಮುಂದೆ ಇಟ್ಟು, “ಮೊದಲ ಉಣ್ಣು” ಅಂದಳು.

ನಾನು ಉಣ್ಣಲು ಬಿಡಲಿಲ್ಲ. ನಿನಗೆ ಸುಳ್ಳು ಬರೆಯುವುದಿಲ್ಲ. ಅವಳು ದೂರದಿಂದ ಬಸ್ಸಿನಲ್ಲಿ ಬಂದಿದ್ದಾಳೆ, ಹಸಿದಿದ್ದಾಳೆ ಅಂತ ಕಣ್ಣಿಗೆ ಕಾಣುತ್ತಿತ್ತು. ನನಗೆ ಅವಳನ್ನು ನಿಲ್ಲಿಸಿಯೇ ಮಾತಾಡಬೇಕಿತ್ತು. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ, “ನಿಮ್ಮಪ್ಪನ ಹೆಸರು ಕ್ರಿಯಾಪದ ಆಗಿದೆ, ಗೊತ್ತಲ್ಲ? ಅದನ್ನ ಹಾಕಿ ಒಂದು ವಾಕ್ಯ ಹೇಳು.”

ಮುಖ ಕೆಂಪಗಾಯಿತು. ತುಟಿ ಕಚ್ಚಿಕೊಂಡಳು. ನಾನು ಕಾದೆ. ಆ ಕಾಯುವುದರಲ್ಲಿ ಎಂಥ ರುಚಿ ಇತ್ತು ಅಂತ ಹೇಗೆ ಹೇಳಲಿ. ಇಷ್ಟು ತಿಂಗಳು ಬಾಯಿಗೆ ಉಪ್ಪು ಹತ್ತಿರಲಿಲ್ಲ, ಅವತ್ತು ಹತ್ತಿತು.

“ನಮ್ಮಪ್ಪ ಬಸುನ ಎತಿರಾಜ್ ಮಾಡಿದ್ರು” ಅಂದಳು.

“ನೋಡಿದವರು ಯಾರು?”

“ನಾನು ಕೇಳಿಸ್ಕೊಂಡೆ. ಕಾರಲ್ಲಿದ್ದೆ.”

ನನಗೆ ಆಗಿನ್ನೂ ನಿನ್ನ ಕಾಗದ ಮುಟ್ಟಿರಲಿಲ್ಲ. ಏನು ಅನ್ನುತ್ತಿದ್ದಾಳೆ ಅಂತ ತಿಳಿಯುವ ಮೊದಲೇ, ಮೂಲೆಯಲ್ಲಿ ಗೋಡೆಗೆ ಒರಗಿದ್ದ ಅಪ್ಪ ಎದ್ದು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಏನಂದ್ರು? ಇನ್ನೊಮ್ಮೆ ಹೇಳವ್ವಾ.”

ಅವಳು ಹೇಳಿದಳು. ಮಣ್ಣು ಬಿರಿದದ್ದು, ಸೂಪರ್‌ವೈಸರ್ ಬೇಡ ಅಂದದ್ದು, ‘ಇಳಿಸು’ ಅಂದದ್ದು. ಅಪ್ಪ ಮತ್ತೊಮ್ಮೆ ಹೇಳಿಸಿದ. ಮೂರನೇ ಸಲ ಹೇಳುವಾಗ ಅವಳು ಅತ್ತಳು, ಅಪ್ಪ ಅಳಲಿಲ್ಲ. “ನನ್ನ ಮಗ ಕುಡೀತಿದ್ದಿಲ್ಲ” ಅಂದ. “ನಾ ಸುಳ್ಳ ಹೇಳೀನಿ. ಹೆಣ ಬೇಕಾಗಿತ್ತು, ಹೇಳೀನಿ. ಯಾರ ಮುಂದ ಬೇಕಾದ್ರೂ ಈಗ ಖರೇ ಹೇಳ್ತೀನಿ, ಕರಕೊಂಡು ನಡೀರಿ.” ಹೋದ ಬೇಸಿಗೆಯಿಂದ ಇದು ಅವನ ಮೊದಲ ಮಾತು ಆತಿಕಾ.

ಅವಳು ಅವತ್ತು ಇಲ್ಲೇ ಮಲಗಿದಳು, ಅವ್ವನ ಪಕ್ಕದಲ್ಲಿ. ನಾನು ಅವಳ ಜೊತೆ ಮತ್ತೆ ಮಾತಾಡಲಿಲ್ಲ. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಮಾತ್ರ ಬಿಟ್ಟು ಬಂದೆ. ಹತ್ತುವಾಗ, “ಅಕ್ಕಾ, ಕೋರ್ಟಲ್ಲಿ ಹೇಳ್ತೀನಿ” ಅಂದಳು. ನನ್ನನ್ನು ಅಕ್ಕ ಅನ್ನಬೇಡ ಅಂತ ಹೇಳಬೇಕೆಂದುಕೊಂಡೆ, ಬಸ್ಸು ಹೊರಟಿತು.

ನವೆಂಬರಿನಲ್ಲಿ ನಿನ್ನ ಬಗ್ಗೆ ಬರೆದದ್ದನ್ನು ವಾಪಸು ತಗೊಂಡಿದ್ದೇನೆ. ಒಬ್ಬ ವಕೀಲರನ್ನು ನೋಡು.

ಗಂಗಾ


ಶಿವಾಜಿನಗರ
೨ ಜುಲೈ ೨೦೨೫

ಗಂಗಾ,

ಚಿಕ್ಕ ಕಾಗದ. ಫೋನಿನಲ್ಲಿ ಹೇಳಲಾಗದ್ದು ಇದೊಂದೇ.

ತೇನ್ಮೊಳಿ ಮನೆ ಬಿಟ್ಟು ಬಂದಿದ್ದಾಳೆ. ಸಾಕ್ಷಿ ಹೇಳುತ್ತೇನೆ ಅಂತ ತಂದೆಗೆ ಅವಳೇ ಹೇಳಿದಳಂತೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ, ರೂಮಿನ ಬಾಗಿಲು ಹಾಕಿ ಬೀಗ ಜಡಿದನಂತೆ. ಬೆಳಿಗ್ಗೆ ಅವಳಮ್ಮ ತೆಗೆದು ಕಳಿಸಿದ್ದಾರೆ. ಮೊದಲು ನಮ್ಮ ಮನೆಗೆ ಬಂದಳು. ಅಬ್ಬಾಗೆ ಹೆದರಿಕೆ, ಆದರೂ “ಬಂದ ಹುಡುಗೀನ ಬೀದಿಗೆ ಬಿಡೋದಾ?” ಅಂದರು. ಇಲ್ಲೇ ಇದ್ದರೆ ಗೊತ್ತಾಗುತ್ತದೆ ಅಂತ ಈಗ ಲಿಂಗರಾಜಪುರದಲ್ಲಿ ನನ್ನ ಸಹೋದ್ಯೋಗಿ ಒಬ್ಬರ ಮನೆಯಲ್ಲಿ ಇರಿಸಿದ್ದೇನೆ. ವಯಸ್ಸಿಗೆ ಬಂದವಳು, ಎಲ್ಲಿದ್ದೇನೆ ಅಂತ ತಂದೆಗೆ ಹೇಳಬೇಡಿ ಅಂದಿದ್ದಾಳೆ. ನಾವು ಹೇಳುವುದಿಲ್ಲ.

ಎತಿರಾಜ್ ದಿನಾ ಸಂಜೆ ಖಾದರ್ ಚಾಚಾನ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ನನ್ನ ಕ್ಲಾಸಿನ ಮೆಟ್ಟಿಲು ನೋಡುತ್ತಾ ನಿಲ್ಲುತ್ತಾನೆ. ಯಾರೂ ಅವನ ಜೊತೆ ಮಾತಾಡುವುದಿಲ್ಲ.

ವಕೀಲರು ಹಾಕಿದ ಅರ್ಜಿಗೆ ಹೇಳಿಕೆ ಕೊಡಲು ನೀವೆಲ್ಲ ಕೋರ್ಟಿಗೆ ಬಂದಾಗ ನೀನು ಅವಳ ಹತ್ತಿರ ಒಂದು ಮಾತಾಡು.

ಆತಿಕಾ


ಸುರಪುರ
೧೪ ಸೆಪ್ಟೆಂಬರ್ ೨೦೨೫

ಆತಿಕಾ,

ನಾವು ಊರು ಮುಟ್ಟಿದೆವು. ಅವತ್ತು ಮೇಯೋ ಹಾಲ್ ಕೋರ್ಟಿನಲ್ಲಿ ನೀನು ತೇನ್ಮೊಳಿಯನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದ ಮೇಲೆ ನಡೆದದ್ದನ್ನು ಬರೆಯಬೇಕು.

ಅವಳ ಹೇಳಿಕೆಯನ್ನೂ ಅಪ್ಪನ ಹೇಳಿಕೆಯನ್ನೂ ಬರೆದುಕೊಂಡು, ಮುಚ್ಚಿದ ಕೇಸನ್ನು ಮತ್ತೆ ತೆಗೆಯಬೇಕು ಅಂತ ಮ್ಯಾಜಿಸ್ಟ್ರೇಟ್ ಅಂದದ್ದು ನೀನೇ ಕೇಳಿದೆ. ಸೂಪರ್‌ವೈಸರ್ ಆಗಲೇ ತಾನು ಬೇಡ ಅಂದಿದ್ದೆ ಅಂತ ಹೇಳಲು ಓಡಾಡುತ್ತಿದ್ದಾನಂತೆ, ನಮ್ಮ ವಕೀಲರು ಹೇಳಿದರು. ಅವನು ತಪ್ಪಿಸಿಕೊಂಡರೂ ತಪ್ಪಿಸಿಕೊಳ್ಳಬಹುದು. ಎತಿರಾಜನಿಗೆ ಸಮನ್ಸ್ ಆಗಿದೆ.

ನಾವು ಹೊರಗೆ ಬಂದಾಗ ವರಾಂಡದ ಕೊನೆಯಲ್ಲಿ ಎತಿರಾಜ್ ನಿಂತಿದ್ದ. ವಕೀಲ ಎಲ್ಲೋ ಹೋಗಿದ್ದ, ಒಬ್ಬನೇ ಇದ್ದ. ನಾನು ಅಪ್ಪನ ಕೈ ಹಿಡಿದು, ಅವ್ವ ಹಿಂದಿನಿಂದ, ಅವನನ್ನು ದಾಟಿ ಹೋಗುತ್ತಿದ್ದೆವು. ಅಡ್ಡ ಬಂದ. ಹೊಡೆಯಲು ಬಂದ ಅಂದುಕೊಂಡೆ. ಗಡ್ಡ ಬೆಳೆದಿತ್ತು, ಶರ್ಟಿನ ಗುಂಡಿ ಒಂದು ಮೇಲೊಂದು ಕೆಳಗೆ ಹಾಕಿಕೊಂಡಿದ್ದ. ಕೇಸಿನ ಮಾತು ಎತ್ತಲಿಲ್ಲ.

“ಎಲ್ಲಿದಾಳಮ್ಮ ನನ್ ಮಗಳು? ಒಂದ್ಸಲ ಹೇಳು. ನಾನ್ ಹೋಗಲ್ಲ, ನೋಡಲ್ಲ. ಎಲ್ಲಿದಾಳೆ ಅಂತ ಗೊತ್ತಾದ್ರೆ ಸಾಕು.”

ನಿನಗೆ ಒಂದು ವಿಷಯ ಹೇಳಿಲ್ಲ ಆತಿಕಾ. ಮಣ್ಣು ಕುಸಿದ ದಿನ ಸುದ್ದಿ ಕೇಳಿ ಅವ್ವ ತಿಪ್ಪಸಂದ್ರದಿಂದ ಆಟೋದಲ್ಲಿ ಬಂದಾಗ, ಗುಂಡಿಯ ಹತ್ತಿರ ಯಾರೂ ಬಿಡಲಿಲ್ಲ. ಎತಿರಾಜ್ ಕಾರಿನಲ್ಲಿ ಕೂತಿದ್ದ, ಗಾಜು ಅರ್ಧ ಇಳಿಸಿಕೊಂಡು. ಅವ್ವ ಆ ಗಾಜು ಹಿಡಿದುಕೊಂಡು, “ಎಲ್ಲದಾನ್ರೀ ನನ್ನ ಮಗ?” ಅಂತ ಕೇಳಿದಳು. ಅವನು, “ಗೊತ್ತಿಲ್ಲಮ್ಮ, ಆಚೆ ಹೋಗಿ ಕೂತ್ಕೊ” ಅಂದ. ಬಸು ಆಗ ಮಣ್ಣಿನ ಕೆಳಗಿದ್ದ. ನಾನು ಪಕ್ಕದಲ್ಲೇ ಇದ್ದೆ.

ಹಾಗಾಗಿ ನಾನು ಎತಿರಾಜನ ಮುಖ ನೋಡಿಕೊಂಡೇ ಹೇಳಿದೆ, “ಗೊತ್ತಿಲ್ಲ. ಆಚೆ ಹೋಗಿ ಕೂತ್ಕೊಳ್ಳಿ.”

ಅವನಿಗೆ ನೆನಪಾಯಿತು. ನೆನಪಾದದ್ದು ಕಣ್ಣಿನಲ್ಲಿ ಕಂಡಿತು. ಅದನ್ನು ನೋಡಬೇಕು ಅಂತಲೇ ನಾನು ಇಷ್ಟು ದಿನ ಬದುಕಿದ್ದೆನೋ ಏನೋ. ಅಪ್ಪನನ್ನು ಎಳೆದುಕೊಂಡು ಮುಂದೆ ನಡೆದೆ. ಮೆಟ್ಟಿಲ ಹತ್ತಿರ ತಿರುಗಿ ನೋಡಿದರೆ ಅವ್ವ ನಮ್ಮ ಜೊತೆ ಇರಲಿಲ್ಲ. ಅವನ ಮುಂದೆ ನಿಂತಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಊರಲ್ಲಿ ಪಕ್ಕದ ಮನೆಯವರಿಗೆ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು.

“ಮುಂಜಾನಿ ನಮ್ಮ ಜೋಡಿ ಉಂಡಾಳ. ಎಲ್ಲದಾಳಂತ ನಾ ಹೇಳಂಗಿಲ್ಲ. ಜೀವಂತ ಅದಾಳಪ್ಪ ನಿನ್ನ ಮಗಳು.”

ಎತಿರಾಜ್ ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತ. ಅವ್ವ ನಮ್ಮ ಹತ್ತಿರ ಬಂದು, “ಬಸ್ಸಿಗೆ ಹೊತ್ತಾತು, ನಡೀರಿ” ಅಂದಳು.

ಗಂಗಾ